ಸರಕಿನ ಸಂಪುಟ

ಸಂಪುಟವೆಂಬ ಶಬ್ದವು ಇಂದು ಗ್ರಂಥದ ಭಾಗವೆಂಬ ಅರ್ಥದಲ್ಲಿ ರೂಢವಾಗಿದೆ. ಭರಣಿ, ಕರಂಡಕ ಎಂಬ ಅರ್ಥಗಳೂ ಅದಕ್ಕುಂಟು. ಎರಡು ಹೋಳುಗಳು ಪರಸ್ಪರ ಹೊಂದಿಕೊಂಡು ಒಳಗಿನ ವಸ್ತುವನ್ನು ಕಾಯುವುದೇ ಸಂಪುಟದ ಲಕ್ಷಣ. ವಸ್ತುವಿಗೆ ತಕ್ಕ ಪಾತ್ರವಿರಬೇಕೆಂಬ ಈ ವಿವೇಕವನ್ನು ಇಂದಿನ ವಾಣಿಜ್ಯವು ಅನೇಕ ವೇಳೆ ಮರೆತಿದೆ. ಅದರಿಂದ ಪರಿಸರಕ್ಕೆ ಒದಗುವ ಹಾನಿಯನ್ನೂ ಅದರ ಪರಿಹಾರವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ವಿದ್ಯಾರ್ಥಿಗಳಿಗೆ ಪರಿಚಿತವಾದ ಗಣಿತದಿಂದಲೇ ಆರಂಭಿಸೋಣ. 10 ಸೆಂಟಿಮೀಟರ್ ಬದಿಯ ಘನಾಕೃತಿಯ ವಸ್ತುವನ್ನು 20 ಸೆಂಟಿಮೀಟರ್ ಬದಿಯ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ, ಅಳತೆಗೆ ತಕ್ಕ ಪೆಟ್ಟಿಗೆಗಿಂತ 4 ಪಟ್ಟು ರಟ್ಟು ಬೇಕಾಗುತ್ತದೆ. ಲಾರಿಯಲ್ಲಿ 8 ಪಟ್ಟು ಸ್ಥಳ ವ್ಯಯವಾಗುತ್ತದೆ. ಆ 8 ಪಾಲುಗಳಲ್ಲಿ 7 ಪಾಲು ಬರಿಯ ಗಾಳಿ! ಆ ಬರಿದನ್ನು ತುಂಬಲು ಪ್ಲಾಸ್ಟಿಕ್ ಹಾಳೆ ಬೇಕು, ಹೊತ್ತೊಯ್ಯಲು ಡೀಸೆಲ್ ಬೇಕು. ವಿಮಾನ ಸಾಗಣೆಯಲ್ಲಿ ಸಾಮಾನ್ಯವಾಗಿ 6000 ಘನ ಸೆಂಟಿಮೀಟರನ್ನು 1 ಕಿಲೋಗ್ರಾಂ ಎಂದೆಣಿಸಿ, ನಿಜವಾದ ತೂಕ ಹಾಗೂ ಗಾತ್ರದ ತೂಕಗಳಲ್ಲಿ ಅಧಿಕವಾದುದಕ್ಕೆ ಬಾಡಿಗೆ ವಿಧಿಸುವುದು ಈ ಕಾರಣದಿಂದಲೇ. ಸ್ವೀಡನ್ನಿನ ಐಕಿಯಾ ಸಂಸ್ಥೆಯು 1956ರಲ್ಲಿ ಮೇಜಿನ ಕಾಲುಗಳನ್ನು ಬಿಚ್ಚಿ ಚಪ್ಪಟೆಯಾಗಿ ಕಟ್ಟಿ ಮಾರುವ ಪದ್ಧತಿಯನ್ನು ಆರಂಭಿಸಿ, ಗಾಳಿಯ ಸಾಗಣೆಯನ್ನು ತಗ್ಗಿಸುವ ಮಾರ್ಗವನ್ನು ತೋರಿತು.

ಗಾತ್ರದಂತೆಯೇ ವೇಗವೂ ವೆಚ್ಚವನ್ನು ಬೆಳೆಸುತ್ತದೆ. ಹಡಗಿನ ಯಂತ್ರಕ್ಕೆ ಬೇಕಾದ ಶಕ್ತಿಯು ಸ್ಥೂಲವಾಗಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಆದುದರಿಂದ ವೇಗವನ್ನು ಶೇಕಡಾ 10ರಷ್ಟು ಇಳಿಸಿದರೆ, ಅಷ್ಟೇ ದೂರದ ಯಾನಕ್ಕೆ ತಗಲುವ ಇಂಧನದಲ್ಲಿ ಸುಮಾರು ಐದನೆಯ ಒಂದು ಪಾಲು ಉಳಿಯುತ್ತದೆ.

ಸಾಗಣೆಯ ಬಾಡಿಗೆಯನ್ನು ಸಂಸ್ಥೆಯು ತೆರುತ್ತದೆ, ನಿಜ. ಆದರೆ ಒಡೆದೆಸೆದ ಹೊದಿಕೆಯ ಭಾರವನ್ನು ಹೊರುವವರಾರು? ಊರಿನ ಚರಂಡಿ, ಪೌರಕಾರ್ಮಿಕರು, ಮೇಯುವ ದನಕರುಗಳು. ಈ ಅನ್ಯಾಯವನ್ನರಿತು ಭಾರತ ಸರ್ಕಾರದ 2016ರ ನಿಯಮಗಳು ಪ್ಲಾಸ್ಟಿಕ್ ಹೊದಿಕೆಯ ತ್ಯಾಜ್ಯದ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸಿದವು. ತಮ್ಮ ಉಗ್ರಾಣಗಳ ಹೊದಿಕೆಯಲ್ಲಿ ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ಕನ್ನು ತೊರೆದುದಾಗಿ ಅಮೆಜಾನ್ ಸಂಸ್ಥೆಯ ಭಾರತೀಯ ಶಾಖೆಯು 2020ರಲ್ಲಿಯೂ, ಬೆಂಗಳೂರಿನ ಫ್ಲಿಪ್‌ಕಾರ್ಟ್ 2021ರಲ್ಲಿಯೂ ಪ್ರಕಟಿಸಿದವು.

ಇದು ಸ್ವಾಗತಾರ್ಹ, ಆದರೆ ಸಾಲದು. ಕಾಗದವೂ ಮರದಿಂದ, ನೀರಿನಿಂದ, ಬೆಂಕಿಯಿಂದ ಹುಟ್ಟಿದ್ದು. ಪ್ಲಾಸ್ಟಿಕ್ ಹೋಗಿ ರಟ್ಟು ಬಂದರೂ ಪೆಟ್ಟಿಗೆ ಹಿರಿದಾಗಿಯೇ ಉಳಿದರೆ, ಲಾರಿಯು ಹೊರುವ ಗಾಳಿ ಕಡಿಮೆಯಾಗದು. ಆದಕಾರಣ ಮೊದಲು ಅನಾವಶ್ಯಕ ಹೊದಿಕೆಯನ್ನು ಬಿಡಬೇಕು; ಬಿಡಲಾಗದುದನ್ನು ಕಿರಿದುಗೊಳಿಸಬೇಕು; ಗೋಣಿಚೀಲದಂತೆ ಮರಳಿ ಮರಳಿ ಬಳಸಬೇಕು. ಕರಗಿಸಿ ಪುನಃ ತಯಾರಿಸುವುದು ಕಡೆಯ ಉಪಾಯ.

ಕೊಳ್ಳುವವರೂ ಹಲವು ವಸ್ತುಗಳನ್ನು ಒಮ್ಮೆಗೇ ತರಿಸಿಕೊಂಡು, ಎರಡು ದಿನ ತಾಳಿದರೆ, ಲಾರಿಗಳು ಅರೆಬರಿದಾಗಿ ಓಡುವುದು ತಪ್ಪೀತು. ಆದರೆ ಮುಖ್ಯ ಹೊಣೆ ಸಂಸ್ಥೆಗಳದೇ. ರಟ್ಟನ್ನು ಕತ್ತರಿಸುವ ಮುನ್ನ ವಸ್ತುವನ್ನು ಅಳೆಯತಕ್ಕದ್ದು ಎಂಬುದೇ ಈ ಶಾಸ್ತ್ರದ ಪ್ರಥಮ ಸೂತ್ರ.