ವಾರ ಮತ್ತು ಹುಣ್ಣಿಮೆಯ ಸಾಕ್ಷಿ

ನಮ್ಮ ತಂದೆಯವರ ಜನ್ಮದಿನವು ಶಾಲೆಯ ದಾಖಲೆಯಲ್ಲಿ 1970ರ ಜೂನ್ 1 ಎಂದಿರುವದು. ಅದು ಅಂದಾಜಿನ ದಿನವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಿರಹಟ್ಟಿ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಅಜ್ಜಿ ಮಾತ್ರ, “ಕಾರಹುಣ್ಣಿವಿ ಸೋಮವಾರ ಹುಟ್ಯಾನ. ಇಸವಿ ಗಿಸವಿ ನನಗ ತಿಳಿಯೂದಿಲ್ಲ” ಎನ್ನುವಳು. ಇಸವಿಯಿಲ್ಲದ ಈ ಮಾತಿಗೆ ಇತಿಹಾಸದಲ್ಲಿ ಬೆಲೆಯುಂಟೆ? ಉಂಟೆಂದು ಗದಗಿನ ಒಂದು ಕಲ್ಲು ನನಗೆ ಕಲಿಸಿತು.

ತ್ರಿಕೂಟೇಶ್ವರ ದೇವಾಲಯದ ಹೊಯ್ಸಳ ವೀರಬಲ್ಲಾಳನ ದಾನಶಾಸನವು ಶಕವರ್ಷ 1114, ಪರಿಧಾವಿ ಸಂವತ್ಸರ, ಮಾರ್ಗಶಿರ ಹುಣ್ಣಿಮೆ, ಶನಿವಾರ, ಚಂದ್ರಗ್ರಹಣ ಎಂದು ಕಾಲವನ್ನು ಹೇಳುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 1192 ಆಗುವದು. ಆದರೆ ಶಾಸನದ ಮಾತು ನಂಬತಕ್ಕದ್ದೇ ಎಂಬುದನ್ನು ವಾರವೇ ಹೇಳಬೇಕು. ಏಳು ದಿನಗಳ ವಾರಕ್ಕೂ ಚಂದ್ರನ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳ ತಿಂಗಳಿಗೂ ನಂಟಿಲ್ಲ. ಆದ್ದರಿಂದ ಒಂದು ನಿರ್ದಿಷ್ಟ ಮಾಸದ ಹುಣ್ಣಿಮೆ ಹೇಳಿದ ವಾರಕ್ಕೇ ಬೀಳುವದು ಸರಾಸರಿ ಏಳು ವರ್ಷಕ್ಕೊಮ್ಮೆ. ಗಣಿತ ಮಾಡಿ ನೋಡಿದರೆ 1192ರ ನವೆಂಬರ್ 21 ಶನಿವಾರವೂ ಹೌದು, ಹುಣ್ಣಿಮೆಯೂ ಹೌದು. ಅಂದು ಗ್ರಹಣವೂ ಇತ್ತು. ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದವು.

ಏಸುಕ್ರಿಸ್ತನು ಶಿಲುಬೆಗೇರಿದ ದಿನವನ್ನೂ ಪಂಡಿತರು ಇದೇ ಕ್ರಮದಿಂದ ಹುಡುಕಿರುವರು. ಪಿಲಾತನ ಅಧಿಕಾರ ಕ್ರಿ.ಶ. 26ರಿಂದ 36ರ ವರೆಗೆ. ದಿನ ಶುಕ್ರವಾರ. ಕಾಲವು ಯೆಹೂದ್ಯರ ನಿಸಾನ್ ಮಾಸದ ಪಸ್ಕ ಹಬ್ಬ. ಅವರ ಮಾಸವೂ ಬಾಲಚಂದ್ರನಿಂದ ಮೊದಲಾಗುವದರಿಂದ ಅದು ಹುಣ್ಣಿಮೆಯ ಸಮಯ. ಯೋಹಾನನ ಸುವಾರ್ತೆಯಂತೆ ನಿಸಾನ್ 14 ಎಂದು ಹಿಡಿದರೆ 30ರ ಎಪ್ರಿಲ್ 7 ಮತ್ತು 33ರ ಎಪ್ರಿಲ್ 3 ಎಂಬ ಎರಡು ಶುಕ್ರವಾರಗಳು ಮುಖ್ಯವಾಗಿ ಉಳಿಯುವವು. ಗಣಿತ ಅಲ್ಲಿಗೆ ನಿಲ್ಲುವದು. ಎರಡರಲ್ಲಿ ಒಂದನ್ನು ಆರಿಸಲು ಬೇರೆ ಸಾಕ್ಷಿ ಬೇಕು.

ತಂದೆಯವರ ವಿಷಯದಲ್ಲಿಯೂ ಹೀಗೆಯೇ ಆಯಿತು. ದಾಖಲೆಯ ಇಸವಿಗೆ ಎರಡು ವರ್ಷ ಹಿಂದೆ, ಎರಡು ವರ್ಷ ಮುಂದೆ ಲೆಕ್ಕ ಹಾಕಿದೆ. 1968ರ ಜೂನ್ 10, 1972ರ ಜೂನ್ 26: ಎರಡೂ ಕಾರಹುಣ್ಣಿಮೆ, ಎರಡೂ ಸೋಮವಾರ. ಅಜ್ಜಿಯನ್ನು ಮತ್ತೆ ಕೇಳಿದೆ. “ಕೂಸು ಬಗಲಾಗ ಇತ್ತು, ತಮ್ಮಾ. ಬರಗಾಲದಾಗ ಕಲ್ಲು ಒಡಿಯಾಕ ಹೋಗಿದ್ದೆ” ಎಂದಳು. ಆ ದೊಡ್ಡ ಬರ 1972ರದು.

ದಾಖಲೆಯಲ್ಲಿ ಜೂನ್ 1 ಹಾಗೆಯೇ ಇರುವದು. ಆದರೆ ಅಕ್ಷರ ಬಾರದ ನಮ್ಮ ಅಜ್ಜಿಯ ನೆನಪು, ಶಾಸನದಂತೆಯೇ ಪರೀಕ್ಷೆಗೆ ನಿಂತಿತು. ಇತಿಹಾಸದ ವಿದ್ಯಾರ್ಥಿಗಳು ಕಲ್ಲನ್ನು ಓದುವಂತೆಯೇ ಮನೆಯ ಹಿರಿಯರನ್ನೂ ಕೇಳಬೇಕೆಂದು ನನ್ನ ಬಿನ್ನಹ.