ಮನೆಯಂಗಳದ ತೋಟಕ್ಕೂ ಒಂದು ನಕ್ಷೆ

ಗೃಹಪ್ರವೇಶ ಮುಗಿದೊಡನೆ ಮನೆಯಾಕೆಯ ಕಣ್ಣು ಅಂಗಳದ ಖಾಲಿ ಜಾಗದತ್ತ ಹೊರಳುವುದು ಸಹಜ. ಬೆಂಗಳೂರಿನ ಬಂಧುಗಳ ಮನೆಯಲ್ಲಿ ಕಂಡ ಹುಲ್ಲುಹಾಸು, ಗುಲಾಬಿಯ ಸಾಲು ನೆನಪಾಗುತ್ತವೆ. ಶ್ರಾವಣದಲ್ಲಿ ನೆಟ್ಟದ್ದು ಸಂಕ್ರಾಂತಿಯವರೆಗೆ ನಗುತ್ತದೆ. ಯುಗಾದಿ ಕಳೆದು ಬಿಸಿಲು 40 ಡಿಗ್ರಿ ದಾಟಿತೋ, ಕೊಡದ ನೀರು ಗಿಡಕ್ಕೋ ಅಡುಗೆಗೋ ಎಂದು ಲೆಕ್ಕ ಹಾಕುವ ಹೊತ್ತು ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಮನೆಗಳ ಅನುಭವವಿದು. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಹೊಲಗಳಿಗೆ ಹರಿದಿದೆ, ನಿಜ; ಆದರೆ ಕಾಲುವೆ ಮನೆಯಂಗಳಕ್ಕೆ ಬರುವುದಿಲ್ಲವಷ್ಟೆ!

ಆದುದರಿಂದ ಮನೆಗೆ ನಕ್ಷೆ ಬರೆಸಿದಂತೆ ತೋಟಕ್ಕೂ ಬರೆಸುವುದು ಜಾಣತನ. ಉದ್ಯಾನ ವಿನ್ಯಾಸಕರೆಂದರೆ ಶ್ರೀಮಂತರ ಬಂಗಲೆಗೆ ಮಾತ್ರ ಎಂಬ ಭಾವನೆ ಸಲ್ಲದು. ಗಿಡ ಕೊಳ್ಳುವ ಮೊದಲೇ ಅವರ ಸಲಹೆ ಪಡೆದರೆ, ಒಣಗಿದ ಗಿಡಗಳಿಗೆ ವರ್ಷವರ್ಷವೂ ಸುರಿಯುವ ಹಣ ಉಳಿಯುತ್ತದೆ. ಆದರೆ ಅವರಿಗೆ "ಚೆಂದ ಮಾಡಿ ಕೊಡಿ" ಎಂದಷ್ಟೇ ಹೇಳಿದರೆ ಸಾಲದು. ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ, ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಮಿಗುತ್ತದೆ, ಕೊಳವೆಬಾವಿಯ ನೀರು ಸಿಹಿಯೋ ಸವಳೋ, ಸಂಜೆ ಅಜ್ಜಿ ಎಲ್ಲಿ ಕೂರುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ, ಇವೆಲ್ಲ ಮನೆಯವರೇ ತಿಳಿಸಬೇಕಾದ ಸಂಗತಿಗಳು.

ಮಣ್ಣಿನ ವಿಚಾರ ಇನ್ನೂ ಮುಖ್ಯ. ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಗೋಡೆಗೆ ಒತ್ತಿ ದೊಡ್ಡ ಮರ ಬೆಳೆಸಿದರೆ ಬೇರುಗಳು ತೇವವನ್ನು ಹೀರಿ ತಳಪಾಯಕ್ಕೇ ಸಂಚಕಾರ ತರಬಹುದು. ಬೇವು, ಹೊಂಗೆಗಳು ಪಶ್ಚಿಮಕ್ಕೆ, ಗೋಡೆಯಿಂದ 20 ಅಡಿಯಾದರೂ ದೂರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ದಾಳಿಂಬೆ, ಕರಿಬೇವುಗಳೇ ಸಾಕು.

ಈ ವಿದ್ಯೆಯಲ್ಲಿ ಕನ್ನಡ ನಾಡು ನೆನೆಯಬೇಕಾದ ಹೆಸರು ಜಿ. ಎಚ್. ಕೃಂಬಿಗಲ್. 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು ಬರೋಡೆಯಲ್ಲಿ ಸೇವೆ ಸಲ್ಲಿಸಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ನೋಡಿಕೊಂಡರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು.

ಅವರ ಮರಗಳನ್ನಲ್ಲ, ಆ ಆಲೋಚನೆಯನ್ನು ನಾವು ತರೋಣ. ಬೇಸಿಗೆಗೆ ಮಲ್ಲಿಗೆ, ಮಳೆ ಹಿಂದಾದ ಮೇಲೆ ಪಾರಿಜಾತ, ಚಳಿಗೆ ಸೇವಂತಿಗೆ, ಬಿಸಿಲಿಗೆ ಅಂಜದ ಕಾಗದದ ಹೂ. ಇಷ್ಟಿದ್ದರೆ ದೇವರ ಮನೆಗೂ ಮುಡಿಗೂ ವರ್ಷವಿಡೀ ಕೊರತೆಯಿಲ್ಲ. ತರಕಾರಿ ತೊಳೆದ ನೀರು ಬಾಳೆಯ ಬುಡಕ್ಕೆ ಹೋಗಲಿ. ಹುಲ್ಲುಹಾಸಿನ ಜಾಗದಲ್ಲಿ ಕಲ್ಲುಹಾಸು, ಅದರ ನಡುವೆ ತುಳಸಿಕಟ್ಟೆ.

ಈ ಬೇಸಿಗೆಯಲ್ಲಿ ಗಿಡ ತರಲು ಅವಸರಪಡಬೇಡಿ. ಬಿಸಿಲನ್ನೂ ನೆರಳನ್ನೂ ಗಮನಿಸಿ, ನಕ್ಷೆ ಸಿದ್ಧಪಡಿಸಿಕೊಳ್ಳಿ. ಮುಂಗಾರಿನ ಮಳೆಗೆ ನೆಲ ನೆನೆದಾಗ ಮೊದಲ ಸಸಿಯನ್ನು ಮನೆಯ ಹಿರಿಯರ ಕೈಯಿಂದಲೇ ನೆಡಿಸಿ. ಅದರ ನೆರಳಿನಲ್ಲಿ ಕೂರುವವರು ಮೊಮ್ಮಕ್ಕಳು.