ಕರುವಿನ ಹೊಟ್ಟೆ ಉಬ್ಬಿದರೆ ಏನು ಮಾಡಬೇಕು?

ಮಸಗುಪ್ಪಿ ಘಟಪ್ರಭಾ ಹೊಳೆ ದಂಡೆಯ ಊರು. ಇಲ್ಲಿ ಹಾಲು ಹಿಂಡುವವರು ಹೆಚ್ಚಾಗಿ ನಾವೇ, ಹೆಣ್ಣುಮಕ್ಕಳು. ಕರು ಸತ್ತರೆ ಎಮ್ಮೆ ಸೊರೆ ಬಿಡುವುದು ಕಷ್ಟ. ಆಗ ಹಾಲೂ ಹೋಯಿತು, ರೊಕ್ಕವೂ ಹೋಯಿತು.

ಕರುವಿನ ಹೊಟ್ಟೆ ಕೆಟ್ಟರೆ ಎಲ್ಲಾನೂ ಒಂದೇ ರೋಗ ಅಲ್ಲ. ಭೇದಿ ಬೇರೆ, ಕರುಳು ಕಟ್ಟುವುದು ಬೇರೆ. ಭೇದಿಯಲ್ಲಿ ಸಗಣಿ ನೀರಾಗಿ ಹೋಗುತ್ತದೆ. ಕರುಳು ಕಟ್ಟಿದರೆ ಸಗಣಿ ಹೋಗುವುದೇ ನಿಲ್ಲುತ್ತದೆ.

ಕರುವಿನ ಹಿಂದೆ ನಿಂತು ನೋಡಿರಿ.

ಎಡಗಡೆ ಮೇಲೆ ಉಬ್ಬಿದೆಯೇ? ಬಡಿದರೆ ಡೊಳ್ಳಿನಂತೆ ಸಪ್ಪಳ ಬರುತ್ತದೆಯೇ? ಅದು ಗಾಳಿ ತುಂಬಿದ ಉಬ್ಬರ.

ಬಲಗಡೆ ಉಬ್ಬಿದೆಯೇ? ಕರು ಹೊಟ್ಟೆಗೆ ಒದ್ದುಕೊಳ್ಳುತ್ತದೆಯೇ? ಏಳುತ್ತದೆ, ಮಲಗುತ್ತದೆ, ನರಳುತ್ತದೆಯೇ? ಕರುಳು ತಿರುಚಿರಬಹುದು. ತಿರುಚಿದ ಕರುಳಿಗೆ ರಕ್ತ ಹೋಗದು. ಕೆಲವೇ ತಾಸಿನಲ್ಲಿ ಅದು ಕೊಳೆಯುತ್ತದೆ. ಇದಕ್ಕೆ ಆಪರೇಷನ್ ಒಂದೇ ದಾರಿ.

ಹುಟ್ಟಿದ ಕರು 24 ತಾಸಿನೊಳಗೆ ಸಗಣಿ ಹಾಕಬೇಕು. ಹಾಕದಿದ್ದರೆ ಬಾಲ ಎತ್ತಿ ನೋಡಿರಿ. ಕೆಲವು ಕರುಗಳಿಗೆ ಹುಟ್ಟುವಾಗಲೇ ಗುದದ್ವಾರ ಇರುವುದಿಲ್ಲ. ಡಾಕ್ಟರು ಕೊಯ್ದು ದಾರಿ ಮಾಡಬಲ್ಲರು. ತಡ ಮಾಡಬಾರದು.

ಹೊಕ್ಕಳ ಬಳಿ ಗಂಟಿದೆಯೇ? ಒತ್ತಿದರೆ ಒಳಗೆ ಹೋಗುವ ಮೆತ್ತನೆ ಗಂಟಿಗೆ ಅವಸರ ಇಲ್ಲ. ಗಟ್ಟಿಯಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಅವಸರ ಐತಿ.

ಡಾಕ್ಟರು ಬರೋತನಕ ಹಾಲು ಕುಡಿಸಬೇಡಿರಿ. ನಿಲ್ಲುವ ಕರುವಿನ ಮುಂಗಾಲು ಎತ್ತರದಲ್ಲಿ ಇರಲಿ. ಮಲಗಿದ ಕರುವಿನ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದರೆ ಕರು ಸಾಯುತ್ತದೆ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕಬೇಡಿರಿ. ಬರೆಯಿಂದ ಕರುಳಿನ ತಿರುಚು ಬಿಚ್ಚುವುದಿಲ್ಲ. ನೋವು ಹೆಚ್ಚುತ್ತದೆ, ಹೊತ್ತು ಹೋಗುತ್ತದೆ.

ರೋಗ ಬರದಂತೆ ಏನು ಮಾಡಬೇಕು? ಹುಟ್ಟಿದ 2 ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿರಿ. ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚಿರಿ. ಒಮ್ಮೆಗೇ ಬಹಳ ಹಾಲು ಬೇಡ, ಹಂಚಿ ಕುಡಿಸಿರಿ. ಹಗ್ಗದ ಚೂರು, ಪ್ಲಾಸ್ಟಿಕ್ ಚೀಲ ಕರುವಿನ ಬಾಯಿಗೆ ಸಿಗಬಾರದು.

ಸರ್ಕಾರದ ಪಶು ಸಹಾಯವಾಣಿ ನಂಬರು 1962. ಅಕ್ಕಂದಿರೇ, ಈಗ ನಿಮಗೆ ಬರೆಯಲು ಬರುತ್ತದೆ. ಈ ನಾಲ್ಕು ಅಂಕಿಗಳನ್ನು ಕೊಟ್ಟಿಗೆಯ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. ಕರು ಕಡೆಯ ಸಲ ಸಗಣಿ ಹಾಕಿದ ಹೊತ್ತನ್ನೂ ಬರೆದಿಡಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.